ಕೊಡದ ಮೇಲಿನ ಗೆರೆ

ಆ ಊರಿನಲ್ಲಿ ಎಷ್ಟು ಆಳ ಅಗೆದರೂ ಯಾರ ಹಿತ್ತಲಲ್ಲೂ ನೀರು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಮಣ್ಣು. ಕೆಂಪಗೆ, ಜಿಗುಟಾಗಿ, ಹಂಚಿಗೆಂದೇ ಹೇಳಿ ಮಾಡಿಸಿದಂಥ ಮಣ್ಣು. ಮಳೆ ಆ ಊರನ್ನು ದಾಟಿಕೊಂಡು ಮುಂದೆ ಹೋಗುತ್ತಿತ್ತು. ನೀರು ಇದ್ದದ್ದು ಒಂದೇ ಕಡೆ, ಹಂಚಿನ ಅಂಗಳದ ನಡುವೆ, ಧಣಿಯ ಬಾವಿಯಲ್ಲಿ. ಬಾವಿಯ ಸುತ್ತ ಎತ್ತರದ ಗೋಡೆ, ಗೋಡೆಗೆ ಒಂದು ಬಾಗಿಲು, ಬಾಗಿಲಿಗೆ ಬೀಗ. ಹಾಗಾಗಿ ಊರಿನವರು ಹಗಲೆಲ್ಲ ಹಂಚು ಮಾಡುತ್ತಿದ್ದರು, ಸಂಜೆ ನೀರು ಹೊತ್ತು ಮನೆಗೆ ಹೋಗುತ್ತಿದ್ದರು. ಅಲ್ಲಿ ಕೂಲಿ ಎಂದರೆ ನೀರು. ಅಂಗಡಿಯವರು ಕೂಡ ನೀರು ಅಳೆದುಕೊಂಡೇ ಕಾಳು ಕೊಡುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಸುರಿಯುವವನು ಬಂದು ಬಾಗಿಲು ತೆಗೆಯುತ್ತಿದ್ದ. ಕೊಡ ಇಳಿಸಿ, ಎನ್ನುತ್ತಿದ್ದ. ಕೊಡ ಇಳಿಸುತ್ತಿದ್ದರು. ಹಿಂದೆ ಸರಿಯಿರಿ, ಎನ್ನುತ್ತಿದ್ದ. ಹಿಂದೆ ಸರಿಯುತ್ತಿದ್ದರು. ನೀರು ಬೀಳುತ್ತಿತ್ತು, ನಿಲ್ಲುತ್ತಿತ್ತು. ಅದು ನಿಂತಷ್ಟು ಅವರವರ ಕೂಲಿ. ಮಣ್ಣು ತುಳಿಯುವವರ ಕೊಡದಲ್ಲಿ ಹೊಟ್ಟೆಯ ಕೆಳಗೇ ನಿಲ್ಲುತ್ತಿತ್ತು. ಹೊರುವವರದ್ದು ಇನ್ನೊಂದಿಷ್ಟು ಮೇಲೆ. ಅಚ್ಚು ಹಾಕುವವರದ್ದು ಕಂಠದ ಹತ್ತಿರ. ಯಾಕೆ ಅಷ್ಟು, ಯಾಕೆ ಇಷ್ಟು ಎಂದು ಕೇಳುವ ರೂಢಿ ಇರಲಿಲ್ಲ. ಸುರಿಯುವವನ ಮಣಿಕಟ್ಟಿಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದರು.

ಅಚ್ಚು ಹಾಕುವವರಲ್ಲೆಲ್ಲ ಮೇಲಾದವಳು ಒಬ್ಬಳಿದ್ದಳು. ಊರು ಅವಳನ್ನು ಅಚ್ಚಿನವಳು ಎಂದೇ ಕರೆಯುತ್ತಿತ್ತು. ಅವಳ ಹಂಚು ಬಿಸಿಲಲ್ಲಿ ಸೀಳುತ್ತಿರಲಿಲ್ಲ, ಭಟ್ಟಿಯಲ್ಲಿ ಸೊಟ್ಟಗಾಗುತ್ತಿರಲಿಲ್ಲ. ಅವಳ ಕೊಡಕ್ಕೆ ಸುರಿಯುವವನು ಕಂಠ ಮುಳುಗುವಷ್ಟು ಸುರಿಯುತ್ತಿದ್ದ. ಕುಡಿದು, ಬೇಯಿಸಿ, ತಲೆಗೆ ಹಾಕಿಕೊಂಡು ಇನ್ನೂ ಉಳಿಯುತ್ತಿತ್ತು. ಉಳಿದದ್ದನ್ನು ಅವಳು ಒಂದು ಹೀರೇಬಳ್ಳಿಗೆ ಹಾಕುತ್ತಿದ್ದಳು. ಇಡೀ ಊರಿನಲ್ಲಿ ಹಸಿರು ಎಂದರೆ ಅದೊಂದೇ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ನೋಡಿದರೆಂದು ಅವಳಿಗೆ ಒಳಗೊಳಗೇ ಹಿಗ್ಗು.

ಅವಳ ತಂಗಿ ತುಳಿಯುವವಳು. ಬೆಳಗಿನಿಂದ ಮಣ್ಣಿನ ಗುಂಡಿಯಲ್ಲಿ ಮೊಣಕಾಲುದ್ದ ನಿಂತು, ಒಂದು ಕಾಲು ಕಿತ್ತು ಒಂದು ಕಾಲು ಊರಿ, ಒಂದು ಕಾಲು ಕಿತ್ತು ಒಂದು ಕಾಲು ಊರಿ, ಸಂಜೆಗೆ ಅರ್ಧ ಕೊಡವೂ ಇಲ್ಲದೆ ಮನೆಗೆ ಹೋಗುತ್ತಿದ್ದಳು. ಅವಳ ಮಗಳ ಮೈಬಣ್ಣ ಏನೆಂದು ಅಕ್ಕನಿಗೇ ಸರಿಯಾಗಿ ಗೊತ್ತಿರಲಿಲ್ಲ. ಮಗು ಯಾವಾಗಲೂ ಮಣ್ಣಿನ ಬಣ್ಣದ್ದೇ. ಹೋಗುವಾಗ ತಂಗಿ ಅಕ್ಕನ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಅಚ್ಚಿನವಳು ತನ್ನ ಕೊಡದಿಂದ ಒಂದು ಚೊಂಬು ಬಗ್ಗಿಸಿ ಅವಳ ಕೊಡಕ್ಕೆ ಹಾಕುತ್ತಿದ್ದಳು. ಹಾಗೆ ಹಾಕುವಾಗ ಅವಳಿಗೆ ತನ್ನ ಕೈಯ ಮೇಲೆ ಬಹಳ ಪ್ರೀತಿ ಬರುತ್ತಿತ್ತು.

ಹೀಗಿರುವಾಗ ಅರಮನೆಯಿಂದ ಗೆರೆಯವನು ಬಂದ.

ಅವನ ಕೈಯಲ್ಲಿ ಒಂದು ಅಳತೆಯ ಕೋಲು, ಒಂದು ಉಳಿ. ಎಲ್ಲರ ಕೊಡವನ್ನೂ ಅಂಗಳದಲ್ಲಿ ಸಾಲಾಗಿ ಇಡಿಸಿದ. ಕೋಲು ನಿಲ್ಲಿಸಿ, ಉಳಿ ಒತ್ತಿ, ಪ್ರತಿ ಕೊಡದ ಸುತ್ತ ಒಂದು ಗೆರೆ ಕೊರೆದ. ಹೊಟ್ಟೆಯ ಮೇಲೆ, ಕಂಠದ ಕೆಳಗೆ.

"ಇನ್ನು ಮುಂದೆ ಯಾರ ಕೊಡಕ್ಕೂ ಈ ಗೆರೆಗಿಂತ ಕಡಿಮೆ ಸುರಿಯಬಾರದು. ಮೇಲೆ ಎಷ್ಟು ಸುರಿದರೂ ಅರಮನೆ ಕೇಳೋದಿಲ್ಲ."

ಅಚ್ಚಿನವಳು ತನ್ನ ಕೊಡವನ್ನು ಹಿಂದಕ್ಕೆ ಎಳೆದುಕೊಂಡಳು. "ನನ್ನದಕ್ಕೆ ಬೇಡಿ ಸ್ವಾಮಿ. ನನ್ನದು ಯಾವತ್ತೂ ಇದಕ್ಕಿಂತ ಮೇಲೇ ಇರುತ್ತೆ."

"ಗೆರೆ ಎಲ್ಲ ಕೊಡಕ್ಕೂ ಇರಬೇಕಮ್ಮ," ಎಂದು ಅವನು ಅದಕ್ಕೂ ಕೊರೆದ. ಥಳಥಳ ಬೆಳಗಿಟ್ಟಿದ್ದ ಕೊಡಕ್ಕೆ ಗೀರು ಬಿತ್ತಲ್ಲ ಎಂದು ಅವಳಿಗೆ ಬೇಸರವಾಯಿತು.

ಅಂದು ಸಂಜೆ ಕೊಡ ಇಳಿಸಿದರು, ಹಿಂದೆ ಸರಿದರು. ತುಳಿಯುವವರ ಕೊಡದಲ್ಲಿ ನೀರು ಹೊಟ್ಟೆ ದಾಟಿ ಗೆರೆಗೆ ಬಂದು ನಿಂತಿತು. ಎತ್ತಿ ತಲೆಯ ಮೇಲಿಟ್ಟರೆ ಭಾರ. ಅಷ್ಟು ಭಾರದ ಅಭ್ಯಾಸ ಯಾರಿಗೂ ಇರಲಿಲ್ಲ. ಕುತ್ತಿಗೆ ನೋಯುತ್ತದೆ ಎಂದು ಒಬ್ಬಳು ಅಂದಳು. ಅದಕ್ಕೆ ಉಳಿದವರು ನಕ್ಕರು. ಕುತ್ತಿಗೆ ಹಿಡಿದುಕೊಂಡು, ನಗುತ್ತಾ, ಬೀದಿಯುದ್ದಕ್ಕೂ ನೀರು ತುಳುಕಿಸುತ್ತಾ ಮನೆಗೆ ಹೋದರು. ಮರುದಿನ ತಂಗಿ ಮಗಳನ್ನು ಮೀಯಿಸಿ ಕರೆದುಕೊಂಡು ಬಂದಳು. ಮಗು ಗೋಧಿ ಬಣ್ಣ. ಅಚ್ಚಿನವಳು ಅದರ ಕೆನ್ನೆಯನ್ನು ಬೆರಳಿನಿಂದ ಒರೆಸಿ ನೋಡಿದಳು. ಬಣ್ಣ ಹೋಗಲಿಲ್ಲ.

ಎಲ್ಲರಿಗೂ ಹಾಗಾಗಲಿಲ್ಲ. ತುಳಿಯುವವರಲ್ಲಿ ವಯಸ್ಸಾದವರನ್ನು ಧಣಿ ಒಬ್ಬೊಬ್ಬರಾಗಿ ಕರೆದು ಕೆಲಸ ಬಿಡಿಸಿದ. ಅವರಲ್ಲಿ ಒಬ್ಬಳು ಮುದುಕಿ. ಅಚ್ಚಿನವಳೂ ತಂಗಿಯೂ ಸಣ್ಣವರಿದ್ದಾಗ ಅವರ ಕೈಹಿಡಿದು ಗುಂಡಿಗೆ ಇಳಿಸಿ, ಮಣ್ಣು ತುಳಿಯುವುದನ್ನು ಕಲಿಸಿದವಳು ಅವಳೇ.

"ಗೆರೆಯವರೆಗೆ ಸುರಿಸುವಷ್ಟು ಕೆಲಸ ನಿನ್ನ ಕಾಲಲ್ಲಿ ಉಳಿದಿಲ್ಲ ಅಜ್ಜಿ," ಎಂದು ಧಣಿ ಮೆಲ್ಲಗೇ ಹೇಳಿದ. "ಆದರೆ ನಿನ್ನ ಹಿತ್ತಲಿಗೆ ಮಣ್ಣು ಕಳಿಸ್ತೀನಿ. ಅಲ್ಲೇ ತುಳಿ. ಆದಷ್ಟು ತುಳಿ. ಸಂಜೆ ನೀರು ಅಲ್ಲಿಗೇ ಬರುತ್ತೆ."

ಮುದುಕಿಯ ಕೊಡಕ್ಕೆ ಗೆರೆ ಇರಲಿಲ್ಲ. ಗೆರೆಯವನು ಬಂದ ದಿನ ಅವಳ ಕೊಡ ಸೋರುತ್ತಿತ್ತು, ಬೆಸುಗೆಗೆ ಹೋಗಿತ್ತು. ಬೆಸುಗೆಯಾಗಿ ಬರುವ ಹೊತ್ತಿಗೆ ಅವಳು ಹಿತ್ತಲಿನವಳಾಗಿದ್ದಳು. ಅವಳಂಥವರು ಒಬ್ಬೊಬ್ಬರೇ ಹೆಚ್ಚಾದರು. ಗೆರೆಯ ಕೊಡ ಅಂಗಳದವರಿಗೆ ಮಾತ್ರ ಎಂದು ಧಣಿ ಅವರಿಗೆಲ್ಲ ಗೆರೆಯಿಲ್ಲದ ಬೇರೆ ಕೊಡ ಕೊಟ್ಟಿದ್ದ. ಸುರಿಯುವವನು ಕತ್ತೆಯ ಮೇಲೆ ನೀರು ಹೇರಿಕೊಂಡು ಹಿತ್ತಲುಗಳಿಗೆ ಹೋಗಿ, ಕೈಗೆ ಬಂದಷ್ಟು ಸುರಿದು ಬರುತ್ತಿದ್ದ. ಅಂಗಳದವರು ಅದನ್ನು ನೋಡಿಯೂ ನೋಡಲಿಲ್ಲ. ಅವರ ಕೊಡ ಗೆರೆಯವರೆಗೆ ಬರುತ್ತಿತ್ತಲ್ಲ.

ಅಚ್ಚಿನವಳ ಕೊಡದಲ್ಲಿ ನೀರು ಇಳಿಯತೊಡಗಿದ್ದು ಯಾವಾಗ ಎಂದು ಅವಳಿಗೇ ಗೊತ್ತಾಗಲಿಲ್ಲ. ಒಂದು ಸಂಜೆ ಕಂಠ ಮುಳುಗಲಿಲ್ಲ. ಸುರಿಯುವವನ ಕೈ ಸೋತಿರಬೇಕು ಎಂದುಕೊಂಡಳು. ಹಂಗಾಮು ಕಳೆಯಿತು, ನೀರು ಕಂಠದ ಬುಡಕ್ಕೆ ಬಂತು. ಇನ್ನೊಂದು ಹಂಗಾಮು ಕಳೆಯಿತು, ಇನ್ನೊಂದು ಬೆರಳು ಇಳಿಯಿತು. ಹೊಸದಾಗಿ ಅಚ್ಚು ಹಾಕಲು ಬಂದ ಹುಡುಗಿಯರಿಗೆ ಮೊದಲಿನಿಂದಲೇ ಗೆರೆಯವರೆಗೆ ಮಾತ್ರ. ಕೊಡಕ್ಕೆ ಅದಕ್ಕಿಂತ ಮೇಲೂ ಜಾಗವಿದೆ ಎನ್ನುವುದೇ ಅವರಿಗೆ ತಿಳಿದಿರಲಿಲ್ಲ.

ಅವಳು ಧಣಿಯನ್ನು ಕೇಳಿದಳು.

"ಬಾವಿಯಲ್ಲಿರೋದು ಅಷ್ಟೇ ನೀರು," ಎಂದ ಧಣಿ. "ಕೆಳಗಿನವರಿಗೆ ಏರಿಸು ಅಂದರು, ಏರಿಸಿದೆ. ಅದು ಎಲ್ಲಿಂದ ಬರಬೇಕು? ನಾನೇನು ಕಡಿಮೆ ಕೊಡ್ತಿದ್ದೀನಾ? ಗೆರೆಗಿಂತ ಮೇಲೇ ಇದೆಯಲ್ಲ."

ಹೀರೇಬಳ್ಳಿ ಮೊದಲು ಕಾಯಿ ಬಿಡುವುದನ್ನು ನಿಲ್ಲಿಸಿತು. ಆಮೇಲೆ ಎಲೆ ಹಳದಿಯಾಯಿತು. ಕೊನೆಗೆ ಚಪ್ಪರದ ಮೇಲೆ ಹುರಿಯಂತೆ ಒಣಗಿ ನೇತಾಡಿತು. ತಂಗಿ ಈಗ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲುವ ಅಗತ್ಯವಿರಲಿಲ್ಲ. ತಲೆಯ ಮೇಲೆ ಕೊಡ ಹೊತ್ತು, ಮಗಳ ಕೈ ಹಿಡಿದು, ನೆಟ್ಟಗೆ ಹೋಗುತ್ತಿದ್ದಳು. ಅಚ್ಚಿನವಳು ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ಹೋದದ್ದು ನೀರೋ, ಕೊಡುವ ಸುಖವೋ, ಯಾವುದು ಹೆಚ್ಚು ನೋಯುತ್ತದೆಂದು ಅವಳು ವಿಚಾರಿಸಲು ಹೋಗಲಿಲ್ಲ. ನೋವಂತೂ ಇತ್ತು.

ಒಂದು ದಿನ ತಂಗಿ ತಾನಾಗಿ ಒಳಗೆ ಬಂದಳು. ಒಣಗಿದ ಬಳ್ಳಿಯನ್ನು ನೋಡಿ, ತನ್ನ ಕೊಡದಿಂದ ಬಗ್ಗಿಸಲು ಚೊಂಬು ತೆಗೆದುಕೊಂಡಳು.

"ಇಡು ಅದನ್ನ," ಎಂದಳು ಅಚ್ಚಿನವಳು. "ನನ್ನ ನೀರನ್ನೇ ನನಗೆ ಕೊಡೋಕೆ ಬಂದೆಯಾ?"

"ನಿನ್ನ ನೀರಾ?"

"ಮತ್ತೆ ಯಾರದ್ದು? ನಿನ್ನ ಕೊಡ ತುಂಬಿದ್ದು ನನ್ನ ಕೊಡದಿಂದ ಕಣೆ. ನೀನು ಮಣ್ಣು ತುಳಿಯೋಳು, ನಾನು ಅಚ್ಚು ಹಾಕೋಳು. ಈಗ ಇಬ್ಬರ ಕೊಡಕ್ಕೂ ಒಂದು ಬೆರಳಿನ ವ್ಯತ್ಯಾಸ. ಇದು ನ್ಯಾಯವಾ?"

ತಂಗಿ ಚೊಂಬನ್ನು ನೆಲದ ಮೇಲಿಟ್ಟಳು. "ನಿನ್ನ ಕೊಡದಿಂದ ತೆಗೆದವರು ಯಾರಕ್ಕ? ನಾನಾ? ಸುರಿಯೋವಾಗ ನಾನು ಕೊಡ ಇಳಿಸಿ ಹಿಂದೆ ಸರಿದು ನಿಂತಿದ್ದೆ, ನಿನ್ನ ಹಾಗೇ."

ಅಚ್ಚಿನವಳು ಮುಖ ತಿರುಗಿಸಿದಳು. ತಂಗಿ ಕೊಡ ಎತ್ತಿಕೊಂಡು ಹೊರಟುಹೋದಳು. ಆಮೇಲೆ ಅಕ್ಕತಂಗಿಯರು ಬಹಳ ಕಾಲ ಮಾತಾಡಲಿಲ್ಲ. ಅಂಗಳದಲ್ಲಿ ಒಬ್ಬಳು ತುಳಿದ ಮಣ್ಣನ್ನು ಇನ್ನೊಬ್ಬಳು ಅಚ್ಚಿಗೆ ಹಾಕುತ್ತಿದ್ದಳು, ಅಷ್ಟೇ.

ಗೆರೆಯವನು ಮತ್ತೆ ಬರುತ್ತಾನೆ ಎಂಬ ಸುದ್ದಿ ಬಂತು. ಗೆರೆ ಊರಿಗೆ ಹಿಡಿಸಿದೆಯೋ ಇಲ್ಲವೋ ಎಂದು ಜನರನ್ನೇ ಕೇಳುತ್ತಾನಂತೆ. ಹಿಡಿಸದಿದ್ದರೆ ಅಳಿಸುತ್ತಾನಂತೆ. ಅವನು ಬರುವ ಹಿಂದಿನ ದಿನ ಧಣಿ ಅಚ್ಚಿನವಳನ್ನು ಕರೆಸಿಕೊಂಡ. ಬೀಗ ತೆಗೆದು, ಗೋಡೆಯ ಒಳಗೆ ಕರೆದುಕೊಂಡು ಹೋದ. ದುಡಿಯುವವರಲ್ಲಿ ಬಾವಿಯ ಒಳಗನ್ನು ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

"ಬಗ್ಗಿ ನೋಡು. ನಿನ್ನ ಕಣ್ಣಿಂದಲೇ ನೋಡು."

ಅವಳು ಬಗ್ಗಿ ನೋಡಿದಳು. ಮೆಟ್ಟಿಲುಗಳು ಕೆಳಗಿಳಿದು ಕತ್ತಲಲ್ಲಿ ಸೇರಿದ್ದವು. ಕತ್ತಲಲ್ಲಿ ನೀರು ಮಿನುಗುತ್ತಿತ್ತು. ಅದು ಬಹಳವೋ ಸ್ವಲ್ಪವೋ ಅವಳಿಗೆ ತಿಳಿಯಲಿಲ್ಲ.

"ಮೊದಲು ಎಲ್ಲಿಯವರೆಗೆ ಇತ್ತು ಧಣಿ?"

"ಅಗೋ, ಆ ಮೆಟ್ಟಿಲವರೆಗೆ," ಎಂದು ಧಣಿ ಕೈ ತೋರಿಸಿದ. ಆಮೇಲೆ ಸ್ವಲ್ಪ ಯೋಚಿಸಿ, "ಅಲ್ಲ, ಅದರ ಮೇಲಿನದ್ದು," ಎಂದ. ಧಣಿ ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಲಿಲ್ಲ. ಅವನಿಗೂ ಸರಿಯಾಗಿ ಗೊತ್ತಿಲ್ಲ ಅನ್ನಿಸಿತು. ಅವನ ಮುಖದಲ್ಲಿದ್ದ ಭಯ ಮಾತ್ರ ನಿಜವಾಗಿತ್ತು.

"ನಾಳೆ ಅವನು ನಿನ್ನನ್ನು ಕೇಳ್ತಾನೆ. ಗೆರೆ ಬಂದಮೇಲೆ ಒಳ್ಳೆಯ ಕೈಗೆ ಬೆಲೆ ಇಲ್ಲದ ಹಾಗಾಯಿತು ಅಂತ ಹೇಳು. ಅದು ಸುಳ್ಳಲ್ಲವಲ್ಲ? ಗೆರೆ ಹೋದ ಸಂಜೆಯಿಂದ ನಿನ್ನ ಕೊಡದ ಕಂಠ ಮುಳುಗಿಸ್ತೀನಿ."

ಮರುದಿನ ಗೆರೆಯವನು ಅಂಗಳದ ನಡುವೆ ಮಣೆ ಹಾಕಿಸಿಕೊಂಡು ಕುಳಿತ. ತುಳಿಯುವವರು ಗುಂಡಿಯಿಂದ ಹತ್ತಿ ಬಂದು ಕೆಸರುಗಾಲಲ್ಲೇ ನಿಂತರು. ಧಣಿ ಅಚ್ಚಿನವಳನ್ನು ಮುಂದೆ ಮಾಡಿ, "ಇವಳನ್ನ ಕೇಳಿ. ಇವಳ ಕೈಯಿಂದ ನಮ್ಮ ಹಂಚಿಗೆ ಹೆಸರು," ಎಂದ.

"ಗೆರೆ ಹೇಗಿದೆಯಮ್ಮ?" ಎಂದು ಕೇಳಿದ ಅವನು.

ಕಂಠ ಮುಳುಗಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ನಡೆಯುವಾಗಿನ ಆ ತೂಕ ಅವಳಿಗೆ ಇನ್ನೂ ನೆನಪಿತ್ತು. ತಂಗಿ ಗುಂಪಿನ ಹಿಂದೆ ನಿಂತಿದ್ದಳು, ಅಕ್ಕನ ಕಡೆ ನೋಡುತ್ತಿರಲಿಲ್ಲ.

"ಗೆರೆ ಬಂದಮೇಲೆ ನನ್ನ ಬಳ್ಳಿ ಒಣಗಿತು ಸ್ವಾಮಿ," ಎಂದಳು. ಧಣಿ ತಲೆಯಾಡಿಸಿದ. "ನನ್ನ ಕೈಗೂ ನಿನ್ನೆ ಬಂದವಳ ಕೈಗೂ ಈಗ ಹೆಚ್ಚುಕಡಿಮೆ ಒಂದೇ ನೀರು. ಅದು ಸರಿಯಲ್ಲ. ಆದರೆ ಗೆರೆ ಅಳಿಸಬೇಡಿ. ಅಳಿಸಿದರೆ ಇವರೆಲ್ಲ ಕೆಳಗೆ ಇಳಿಯೋದು ಖಂಡಿತ. ನಾನು ಮೇಲೆ ಏರೋದು ಬರೀ ಧಣಿಯ ಮಾತು. ನಮಗೆ ಇನ್ನೊಂದು ಗೆರೆ ಹಾಕಿಕೊಡಿ. ಅಚ್ಚು ಹಾಕೋರ ಕೊಡಕ್ಕೆ, ಕಂಠದ ಹತ್ತಿರ."

ಗೆರೆಯವನು ಉಳಿಯನ್ನು ಕೈಯಲ್ಲಿ ತಿರುಗಿಸಿದ. "ನನಗಿರೋದು ಒಂದು ಗೆರೆಯ ಅಪ್ಪಣೆ. ಅದರ ಮೇಲಿನದ್ದು ನೀವೂ ನಿಮ್ಮ ಧಣಿಯೂ ಮಾತಾಡಿಕೊಳ್ಳುವ ವಿಷಯ." ಅಷ್ಟು ಹೇಳಿ ಎದ್ದುಹೋದ. ಗೆರೆ ಉಳಿಯಿತು.

ಅಂದು ಸಂಜೆ ಅಚ್ಚಿನವಳ ಕೊಡದಲ್ಲಿ ನೀರು ಗೆರೆಗೆ ಸರಿಯಾಗಿ ಬಂದು ನಿಂತಿತು. ಒಂದು ಕೂದಲೆಳೆ ಮೇಲಿಲ್ಲ, ಒಂದು ಕೂದಲೆಳೆ ಕೆಳಗಿಲ್ಲ.

ಮಾರನೆಯ ದಿನ ಅವಳು ಅಚ್ಚಿನ ಮುಂದೆ ಕುಳಿತಳು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಧಣಿ ಬಂದು ಕೇಳಿದ. "ಮಾತಾಡಿಕೊಳ್ಳಿ ಅಂದಿದ್ದಾರಲ್ಲ ಧಣಿ, ಮಾತಾಡೋಣ," ಎಂದಳು. ಧಣಿ ಮಾತಾಡಲಿಲ್ಲ. ಪಕ್ಕದ ಅಚ್ಚಿನವರೂ ಕೈ ಮಡಿಲಿಗೆ ಇಟ್ಟುಕೊಂಡರು. ತುಳಿಯುವವರು ಗುಂಡಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಇದು ಅವರ ನೀರಿನ ವಿಷಯವಲ್ಲ. ಅವರ ಗೆರೆ ಅವರಿಗಿತ್ತು, ಸುಮ್ಮನೆ ತುಳಿದಿದ್ದರೆ ಸಂಜೆ ಅಲ್ಲಿಯವರೆಗೆ ನೀರೂ ಇತ್ತು.

ತಂಗಿ ಒಂದು ಕಾಲು ಕಿತ್ತಳು, ಇನ್ನೊಂದು ಕಾಲು ಕಿತ್ತಳು, ಗುಂಡಿಯಿಂದ ಮೇಲೆ ಬಂದಳು. ಅಕ್ಕನ ಪಕ್ಕದಲ್ಲಿ ಬಂದು ಕುಳಿತಳು. ಬಹಳ ದಿನಗಳ ಮೇಲೆ ಆಡಿದ ಮೊದಲ ಮಾತು ಎಂದರೆ, "ಸ್ವಲ್ಪ ಆಚೆ ಸರಿ, ಬಿಸಿಲು."

ಅಚ್ಚಿನವಳು ಸರಿದು ಜಾಗ ಕೊಟ್ಟಳು. ಉಳಿದ ತುಳಿಯುವವರೂ ಹತ್ತಿ ಬಂದರು.

ಗೆರೆ ಬಂದಮೇಲೆ ತುಳಿಯುವವರ ಮನೆಗಳಲ್ಲಿ ಹಂಡೆ ಇಡುವ ರೂಢಿ ಬೆಳೆದಿತ್ತು. ದಿನಕ್ಕೊಂದು ಗುಟುಕು ಉಳಿಸಿ ತುಂಬಿಸಿಟ್ಟ ಆ ನೀರನ್ನು ಕುಡಿದುಕೊಂಡು ಎಲ್ಲರೂ ಕುಳಿತರು. ಆದರೆ ಅಂಗಳದಲ್ಲಿ ಮಣ್ಣು ಮುಗಿಯಲಿಲ್ಲ. ಬೆಳಗಾದರೆ ಗಾಡಿ ಬರುತ್ತಿತ್ತು, ಹದವಾಗಿ ತುಳಿದ ಮಣ್ಣು ಇಳಿಸಿ ಹೋಗುತ್ತಿತ್ತು. ಧಣಿ ಪಕ್ಕದ ಊರಿನಿಂದ ಇಬ್ಬರು ಮೂವರನ್ನು ಕರೆಸಿ ಅಚ್ಚು ಹಾಕಿಸತೊಡಗಿದ. ಅವರ ಹಂಚು ಸೊಟ್ಟಗಿದ್ದವು, ಆದರೂ ಹಂಚೇ.

ಆ ಮಣ್ಣು ಯಾರ ಕಾಲಿನದ್ದು ಎಂದು ಅಚ್ಚಿನವಳಿಗೆ ಮುಟ್ಟಿದ ಕೂಡಲೇ ಗೊತ್ತಾಯಿತು. ಸಿಟ್ಟಿನಲ್ಲಿ ಎದ್ದು ಮುದುಕಿಯ ಹಿತ್ತಲಿಗೆ ಹೋದಳು. ತಂಗಿಯೂ ಹಿಂದೆಯೇ ಹೋದಳು.

ಮುದುಕಿ ಒಂದು ಗೂಟ ಹಿಡಿದುಕೊಂಡು ತುಳಿಯುತ್ತಿದ್ದಳು. ಸುಡುವ ಬಿಸಿಲು. ಅವಳ ಕಾಲು ಮೇಲೆ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು.

"ಅಜ್ಜಿ, ನಾವೆಲ್ಲ ಅಲ್ಲಿ ಕೂತಿದ್ದೀವಿ. ನೀನು ಇಲ್ಲಿ ತುಳೀತಾ ಇದ್ದರೆ ನಾವು ಕೂತು ಏನು ಬಂತು?"

"ಗೊತ್ತು ಮಗಳೇ," ಎಂದಳು ಮುದುಕಿ. ತುಳಿಯುವುದನ್ನು ನಿಲ್ಲಿಸಲಿಲ್ಲ. "ನಿಲ್ಲಿಸಿದರೆ ಸಂಜೆ ಏನು ಕುಡಿಯಲಿ?"

ಅಚ್ಚಿನವಳು ಗೋಡೆಗೆ ಒರಗಿಸಿದ್ದ ಕೊಡದ ಒಳಗೆ ನೋಡಿದಳು. ನಿನ್ನೆಯ ನೀರು ಎಲ್ಲಿಯವರೆಗಿತ್ತು ಎನ್ನುವುದಕ್ಕೆ ಒಳಗಡೆ ಒಂದು ಬಿಳಿಯ ಪಟ್ಟೆ ಮೂಡಿತ್ತು. ತಳದಿಂದ ಒಂದು ಗೇಣೂ ಇರಲಿಲ್ಲ. ಅಂಗಳದವರಿಗೆ ಗೆರೆ ಬಂದ ಮೇಲೆ ಇವಳ ನೀರು ಇನ್ನೂ ಕೆಳಗೆ ಹೋಗಿತ್ತು.

"ಇಷ್ಟು ಕಡಿಮೆ ಅಂತ ನೀನು ಯಾರಿಗೂ ಹೇಳಲಿಲ್ಲವಲ್ಲ," ಎಂದಳು ತಂಗಿ.

"ಕತ್ತೆ ಹೋಗೋದನ್ನ ನೀವೆಲ್ಲ ದಿನಾ ನೋಡ್ತಿದ್ದಿರಿ. ಹೇಳೋದೇನಿತ್ತು?"

ಅಚ್ಚಿನವಳ ಸಿಟ್ಟು ಅಲ್ಲಿಗೆ ಮುಗಿಯಿತು. ಗುಂಡಿಗೆ ಇಳಿದು, ಮುದುಕಿಯ ಕಂಕುಳಿಗೆ ಕೈಹಾಕಿ ಮೇಲೆ ಕರೆತಂದಳು. ಕಾಲಿನ ಮಣ್ಣು ಒರೆಸಿದಳು. ತಂಗಿ ಮನೆಗೆ ಹೋಗಿ ಹಂಡೆಯಿಂದ ನೀರು ತಂದಳು. ಅಂದಿನಿಂದ ಅಂಗಳದವರು ಹಿತ್ತಲು ಹಿತ್ತಲಿಗೆ ನೀರು ಹೊತ್ತರು. ಹಿತ್ತಲಿನವರು ಗುಂಡಿಯಿಂದ ಹತ್ತಿದರು. ಹಂಡೆಗಳು ಬೇಗ ಬೇಗ ಬರಿದಾದವು. ಮಕ್ಕಳು ಅತ್ತವು. ತಂಗಿಯ ಮಗಳು ಮತ್ತೆ ಮಣ್ಣಿನ ಬಣ್ಣವಾದಳು. ಇನ್ನು ಆಗುವುದಿಲ್ಲ ಎಂದು ಕೆಲವರು ಎದ್ದುಹೋಗಿ ಅಚ್ಚು ಮುಟ್ಟಿದರು, ಆದರೆ ಅಚ್ಚಿಗೆ ಹಾಕಲು ಹದವಾದ ಮಣ್ಣು ಇರಲಿಲ್ಲ. ಬಂದ ಗಾಡಿ ಬರಿದಾಗಿ ಬಂತು. ಭಟ್ಟಿ ಆರಿತು. ಭಟ್ಟಿ ಆರಿದ್ದನ್ನು ಆ ಊರು ಅಲ್ಲಿಯವರೆಗೆ ನೋಡಿರಲಿಲ್ಲ.

ಹೊಗೆಯಿಲ್ಲದ ಆಕಾಶವನ್ನು ನೋಡಿ ಧಣಿ ಹೊರಗೆ ಬಂದ.

"ಕಂಠದವರೆಗೆ ಆಗೋದಿಲ್ಲ," ಎಂದ.

"ಎಲ್ಲಿಯವರೆಗೆ ಆಗುತ್ತೆ?" ಎಂದಳು ಅಚ್ಚಿನವಳು.

ಹೊತ್ತು ನೆತ್ತಿಗೆ ಬರುವವರೆಗೆ ಮಾತು ನಡೆಯಿತು. ಅಚ್ಚು ಹಾಕುವವರಿಗೆ ಗೆರೆಯ ಮೇಲೆ ಎರಡು ಬೆರಳು. ಹಳಬರಿಗೆ ಮೂರು. ಮೊದಲು ಇದ್ದಷ್ಟಲ್ಲ, ಬಳ್ಳಿಗೆ ಸಾಲುವಷ್ಟಲ್ಲ. ಅಚ್ಚಿನವಳು ಒಪ್ಪಿಕೊಂಡಳು. ಆಮೇಲೆ ಹಿತ್ತಲಿನವರ ಮಾತು ಎತ್ತಿದಳು. ಧಣಿಗೆ ಸಾಕಾಗಿತ್ತು.

"ಅವರ ಕೊಡಕ್ಕೆ ಗೆರೆ ಎಲ್ಲಿದೆ? ಗೆರೆ ಇರೋ ಕೊಡಕ್ಕೆ ಗೆರೆಯವರೆಗೆ ಸುರಿಸ್ತೀನಿ. ಇಲ್ಲದ ಕೊಡಕ್ಕೆ ನನ್ನನ್ನ ಕೇಳಬೇಡ. ಹೋಗಿ ಅರಮನೆಯನ್ನ ಕೇಳು."

"ಗೆರೆ ಇದ್ದರೆ ಸುರಿಸ್ತೀರಲ್ಲ ಧಣಿ?"

"ಸುರಿಸ್ತೀನಿ ಅಂದೆನಲ್ಲ."

"ಎಲ್ಲರೂ ಕೇಳಿಸಿಕೊಂಡರು," ಎಂದಳು ತಂಗಿ, ಹಿಂದಿನಿಂದ.

ಅಚ್ಚಿನವಳು ಭಟ್ಟಿಯ ಮನೆಯಿಂದ ಒಂದು ಉದ್ದನೆಯ ಕಬ್ಬಿಣದ ಮೊಳೆ ತೆಗೆದುಕೊಂಡಳು, ಒಂದು ಕಲ್ಲು ತೆಗೆದುಕೊಂಡಳು, ನೇರ ಮುದುಕಿಯ ಹಿತ್ತಲಿಗೆ ನಡೆದಳು. ಮುದುಕಿ ನೆರಳಲ್ಲಿ ಕಾಲು ಚಾಚಿ ಕುಳಿತಿದ್ದಳು. ಅಚ್ಚಿನವಳು ಅವಳ ಕೊಡವನ್ನು ತಂದು ಇಬ್ಬರ ನಡುವೆ ಇಟ್ಟು, ಎದುರಿಗೆ ಕುಳಿತಳು.

"ಇದು ಅರಮನೆಯ ಕೆಲಸ ಅಲ್ಲವೇನೇ?" ಎಂದಳು ಮುದುಕಿ.

"ಅವರು ಬರೋದು ಯಾವಾಗಲೋ. ಅಳತೆಯ ಕೋಲು ನನ್ನ ಹತ್ತಿರ ಇಲ್ಲ ಅಜ್ಜಿ. ನೀನೇ ಹೇಳು, ಎಲ್ಲಿಗೆ ಹಾಕಲಿ?"

ಮುದುಕಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದ ಮೇಲೆ ಅರ್ಥವಾಯಿತು. ಜನ್ಮದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳು ಕೈ ಚಾಚಿ, ಬೆರಳನ್ನು ಕೊಡದ ತಳದ ಹತ್ತಿರ ಇಟ್ಟಳು. ಇಟ್ಟು ಅಚ್ಚಿನವಳ ಮುಖ ನೋಡಿದಳು.

ಅಚ್ಚಿನವಳು ಮೊಳೆ ಒತ್ತಲಿಲ್ಲ. ಕಾದಳು.

ಬೆರಳು ಒಂದಿಷ್ಟು ಮೇಲೆ ಬಂದು ನಿಂತಿತು. ಮತ್ತೆ ಒಂದಿಷ್ಟು ಮೇಲೆ ಬಂತು.